ಮೊಮ್ಮಗನ ಚೆಂಡು, ಅಜ್ಜನ ಹಂಬಲ

ಮೈದಾನದ ಮಾತು: ಓದುಗರ ಪ್ರಶ್ನೆಗಳಿಗೆ ಕಲಬುರಗಿಯ ನಿವೃತ್ತ ದೈಹಿಕ ಶಿಕ್ಷಕರ ಉತ್ತರ

ಪ್ರಶ್ನೆ: ಮಾಸ್ತರರಿಗೆ ಶರಣು. ನಾನು ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು. ಮಗಳು, ಅಳಿಯ ಮೆಲ್ಬರ್ನ್ ನಗರದ ಪಶ್ಚಿಮಕ್ಕಿರುವ ಟಾರ್ನೀಟ್‌ನಲ್ಲಿದ್ದಾರೆ. ಹದಿನಾಲ್ಕು ವರ್ಷದ ಮೊಮ್ಮಗ ಅಲ್ಲಿಯ ಕ್ಲಬ್ಬಿನಲ್ಲಿ ಆಸ್ಟ್ರೇಲಿಯನ್ ಫುಟ್‌ಬಾಲ್ ಆಡುತ್ತಾನೆ. ಈ ಸಲ ಹೋದಾಗ ಅವನ ಪಂದ್ಯಗಳನ್ನೆಲ್ಲ ಕೂತು ನೋಡಿದೆ. ಓರಗೆಯವರಿಗಿಂತ ಒಂದು ಗೇಣು ಎತ್ತರವಿದ್ದಾನೆ, ಚೆಂಡು ಕೈಗೆ ಸಿಕ್ಕರೆ ಬಿಡುವುದಿಲ್ಲ. ಆದರೂ ಮೇಲಿನ ತಂಡಕ್ಕೆ ಅವನನ್ನು ಬಿಟ್ಟು, ಅವನಿಗಿಂತ ಗಿಡ್ಡನಾದ, ಅವನಷ್ಟು ಚೆನ್ನಾಗಿ ಆಡದ ಹುಡುಗನನ್ನು ಆರಿಸಿದರು. ಕೋಚ್ ಅಳಿಯನಿಗೆ ಹೇಳಿದ್ದಿಷ್ಟು: ‘ನಿಮ್ಮ ಹುಡುಗನಿಗೆ ಪ್ರತಿಭೆ ಬೇಕಾದಷ್ಟಿದೆ, ಹಸಿವು ಕಾಣುವುದಿಲ್ಲ. ಈ ಆಟದಲ್ಲಿ ಮುಂದೆ ಬರುವವರು ಹಸಿದವರು.’ ಇದು ನಿಜವೇ? ಛಲ ದೊಡ್ಡದೋ, ಪ್ರತಿಭೆ ದೊಡ್ಡದೋ? ಇಲ್ಲದ ಛಲವನ್ನು ಹುಟ್ಟಿಸುವುದು ಹೇಗೆ? ನಾನು ದಿನಾ ಸಂಜೆ ಐದಕ್ಕೆ ವಿಡಿಯೊ ಕರೆ ಮಾಡಿ ಹುರಿದುಂಬಿಸುತ್ತಿದ್ದೆ. ಈಗೀಗ ಅವನು ಕರೆ ಎತ್ತುತ್ತಿಲ್ಲ. ನಿಮಗೆ ಆಟದ ಅಂದಾಜಾಗಲಿ ಎಂದು ಅವನ ಹಳೆಯ ಚೆಂಡೊಂದನ್ನು ಪತ್ರದ ಜೊತೆ ಕಳಿಸಿದ್ದೇನೆ.
(ಹೆಸರು ಬೇಡ, ಯಾದಗಿರಿ)

ಉತ್ತರ: ಶರಣು ಹಿರಿಯರೇ. ಫೋನಿನ ವಿಷಯ ಮೊದಲು ಮುಗಿಸುತ್ತೇನೆ. ಯಾದಗಿರಿಯಲ್ಲಿ ಸಂಜೆ ಐದಾದಾಗ ಮೆಲ್ಬರ್ನ್‌ನಲ್ಲಿ ರಾತ್ರಿ ಒಂಬತ್ತೂವರೆ. ಅವರ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ತಾಸು ಮುಂದಿಡುತ್ತಾರೆ, ಆಗ ಹತ್ತೂವರೆ. ಶಾಲೆ, ತರಬೇತಿ, ಮನೆಪಾಠ ಎಲ್ಲ ಮುಗಿಸಿ ಹಾಸಿಗೆಗೆ ಬೀಳುವ ಹೊತ್ತಿಗೆ ಸರಿಯಾಗಿ ಛಲದ ಮೇಲೊಂದು ಉಪನ್ಯಾಸ ಬರುತ್ತದೆ ಎಂದು ಗೊತ್ತಾದರೆ ಯಾವ ಹುಡುಗ ತಾನೇ ಕರೆ ಎತ್ತುತ್ತಾನೆ? ನಾನಾಗಿದ್ದರೂ ಎತ್ತುತ್ತಿರಲಿಲ್ಲ. ಭಾನುವಾರ ನಮ್ಮ ಬೆಳಗಿನ ಹೊತ್ತು ಕರೆ ಮಾಡಿ, ಆಟದ ಮಾತು ಬಿಟ್ಟು ಬೇರೆ ಏನಾದರೂ ಕೇಳಿ.

ಈ ಆಟ ನೋಡದ ಓದುಗರಿಗಾಗಿ ನಾಲ್ಕು ಮಾತು ಹೇಳಬೇಕು. ಇದು ನಾವು ಟಿವಿಯಲ್ಲಿ ನೋಡುವ ಫುಟ್‌ಬಾಲ್ ಅಲ್ಲ, ರಗ್ಬಿಯೂ ಅಲ್ಲ. ಕ್ರಿಕೆಟ್ ಮೈದಾನದಷ್ಟು ವಿಸ್ತಾರವಾದ ಅಂಡಾಕಾರದ ಅಂಗಳ, ಚೆಂಡೂ ಅಂಡಾಕಾರದ್ದೇ. ಒಂದೊಂದು ಕಡೆ 18 ಜನ. ಎರಡೂ ತುದಿಗಳಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡರ ಮಧ್ಯೆ ಒದ್ದರೆ 6 ಅಂಕ, ಅವುಗಳ ಪಕ್ಕದ ಸಂದಿಗೆ ಹೋದರೆ 1. ಚೆಂಡನ್ನು ಎಸೆಯುವಂತಿಲ್ಲ. ಒಂದು ಕೈಯಲ್ಲಿಟ್ಟುಕೊಂಡು ಇನ್ನೊಂದರ ಮುಷ್ಟಿಯಿಂದ ಗುದ್ದಬೇಕು, ಇಲ್ಲವೇ ಒದೆಯಬೇಕು. ಹಿಡಿದು ಓಡುವವನು 15 ಮೀಟರಿಗೊಮ್ಮೆ ಅದನ್ನು ನೆಲಕ್ಕೆ ಪುಟಿಸಬೇಕು ಅಥವಾ ಮುಟ್ಟಿಸಬೇಕು. ಕನಿಷ್ಠ 15 ಮೀಟರ್ ದೂರದಿಂದ ಒದ್ದು ಬಂದ ಚೆಂಡನ್ನು ಗಾಳಿಯಲ್ಲೇ ಹಿಡಿದರೆ ಅದಕ್ಕೆ ಮಾರ್ಕ್ ಎನ್ನುತ್ತಾರೆ. ಹಿಡಿದವನು ಯಾರ ಅಡ್ಡಿಯೂ ಇಲ್ಲದೆ ಒದೆಯಬಹುದು. 1858ರಲ್ಲಿ ಟಾಮ್ ವಿಲ್ಸ್ ಎಂಬ ಕ್ರಿಕೆಟಿಗ, ಚಳಿಗಾಲದಲ್ಲಿ ಕ್ರಿಕೆಟ್ ಆಟಗಾರರ ಮೈ ಜಡ್ಡುಗಟ್ಟದಿರಲು ಫುಟ್‌ಬಾಲ್ ಕ್ಲಬ್ ಒಂದಿರಲಿ ಎಂದು ಪತ್ರಿಕೆಗೆ ಪತ್ರ ಬರೆದ. ಮರುವರ್ಷ ಮೆಲ್ಬರ್ನ್ ಕ್ಲಬ್ಬಿನ ಕೆಲವರು ಕೂತು ನಿಯಮ ಬರೆದರು. ಅವರ ದೊಡ್ಡ ಲೀಗಿಗೆ ಈಗ ಎಎಫ್‌ಎಲ್ ಎಂದು ಹೆಸರು, ಅದರಲ್ಲಿ 18 ಕ್ಲಬ್ಬುಗಳಿವೆ.

ಇನ್ನು ನಿಮ್ಮ ಪ್ರಶ್ನೆ. ಛಲವೋ ಪ್ರತಿಭೆಯೋ ಎಂದು ಕೇಳುವಾಗ ಯಾವ ಜಾಗದ ಆಟಗಾರ ಎಂದು ಮೊದಲು ಹೇಳಬೇಕು. ಈ ಆಟದಲ್ಲಿ ರಕ್‌ಮನ್ ಎಂಬ ಜಾಗವಿದೆ. ಅಂಪೈರ್ ಚೆಂಡನ್ನು ಮೇಲಕ್ಕೆ ಹಾಕಿದಾಗ ಎದುರಾಳಿಗಿಂತ ಎತ್ತರಕ್ಕೆ ನೆಗೆದು ತನ್ನವರ ಕಡೆಗೆ ತಟ್ಟುವವನು ಅವನು. ಆ ಜಾಗದಲ್ಲಿ ನಿಲ್ಲುವವರು ಬಹುತೇಕ ಎರಡು ಮೀಟರ್ ಆಸುಪಾಸಿನ ಆಳುಗಳು. ಐದೂವರೆ ಅಡಿಯ ಹುಡುಗ ಎಷ್ಟು ಛಲ ಮಾಡಿದರೂ ಅಲ್ಲಿ ನಡೆಯುವುದಿಲ್ಲ. ಅದೇ ಆಟದಲ್ಲಿ ಬ್ರೆಂಟ್ ಹಾರ್ವಿ ಎಂಬವನಿದ್ದ. ಎತ್ತರ 167 ಸೆಂಟಿಮೀಟರ್, ನಮ್ಮ ಗಂಜ್ ಮಾರುಕಟ್ಟೆಯಲ್ಲಿ ನಿಲ್ಲಿಸಿದರೆ ಜನರ ನಡುವೆ ಕಾಣುವುದಿಲ್ಲ. ಅವನು ಆಡಿದ್ದು 432 ಪಂದ್ಯ. ನಡುಮೈದಾನದ ಆಟಗಾರ ಒಂದು ಪಂದ್ಯದಲ್ಲಿ 12ರಿಂದ 15 ಕಿಲೋಮೀಟರ್ ಓಡುತ್ತಾನೆ. ಅಲ್ಲಿ ಕಾಲಿನ ಉದ್ದಕ್ಕಿಂತ ದಮ್ಮು ಮುಖ್ಯ, ದಮ್ಮು ಬಹುಮಟ್ಟಿಗೆ ದುಡಿದು ಗಳಿಸುವಂಥದ್ದು. ಎಡಗಾಲು, ಬಲಗಾಲು ಎರಡರಲ್ಲೂ ಒದೆಯುವುದೂ ಹಾಗೆಯೇ. ಹುಟ್ಟುತ್ತ ಯಾರಿಗೂ ಬರುವುದಿಲ್ಲ.

ಕಣ್ಣಿಟ್ಟು ಆರಿಸುವವರ ಕಣ್ಣು ಎಷ್ಟು ಸಲ ತಪ್ಪುತ್ತದೆ ಎನ್ನುವುದಕ್ಕೆ ಅವರ ದಾಖಲೆಗಳೇ ಸಾಕ್ಷಿ. ಪ್ರತಿ ವರ್ಷದ ಕೊನೆಗೆ ಕ್ಲಬ್ಬುಗಳು ಸರದಿಯ ಮೇಲೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್ ಪದ್ಧತಿ 1986ರಲ್ಲಿ ಶುರುವಾಯಿತು. ಹಿಂದಿನ ಋತುವಿನಲ್ಲಿ ಕೊನೆಗೆ ನಿಂತ ತಂಡಕ್ಕೆ ಮೊದಲ ಸರದಿ. ಈಚಿನ ವರ್ಷಗಳಲ್ಲಿ ಇಡೀ ದೇಶದಿಂದ ಹೀಗೆ ಆಯ್ಕೆಯಾಗುವವರು ಅರವತ್ತು ಎಪ್ಪತ್ತರ ಆಸುಪಾಸು. ಅದಕ್ಕೂ ಮೊದಲು ಓಟ, ನೆಗೆತ, ತಿರುವು ಎಲ್ಲವನ್ನೂ ಅಳೆದು ನೋಡುತ್ತಾರೆ, ಕೂರಿಸಿ ಮಾತನಾಡಿಸುತ್ತಾರೆ. ಆದರೂ ಕಣ್ಣು ತಪ್ಪುತ್ತದೆ. 1990ರಲ್ಲಿ ಜೇಮ್ಸ್ ಹರ್ಡ್ ಎಂಬ ಹುಡುಗನ ಸರದಿ ಬಂದದ್ದು 79ನೆಯದಾಗಿ. 1996ರಲ್ಲಿ ಅವನು ಬ್ರೌನ್‌ಲೋ ಪದಕವನ್ನು ಜಂಟಿಯಾಗಿ ಗೆದ್ದ. ಆ ಲೀಗಿನಲ್ಲಿ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಪದಕ ಅದು. ಮ್ಯಾಟ್ ಪ್ರಿಡಿಸ್ ಎಂಬವನನ್ನಂತೂ ಓಟ ಸಾಲದು ಎಂದು ಮತ್ತೆ ಮತ್ತೆ ಕೈಬಿಟ್ಟರು. ಕೊನೆಗೆ ಹಿಂಬಾಗಿಲಿನಂಥ ರೂಕಿ (ಹೊಸಬರ) ಪಟ್ಟಿಯಲ್ಲಿ ಒಳಗೆ ಬಂದು 2014ರಲ್ಲಿ ಅದೇ ಪದಕ ಗೆದ್ದ.

ಇಂಥ ಕಥೆಗಳನ್ನು ಕೋಚ್‌ಗಳು ಬಹಳ ಇಷ್ಟಪಟ್ಟು ಹೇಳುತ್ತಾರೆ. ಹೇಳುವಾಗ ಒಂದು ವಿಷಯವನ್ನು ಮೆಲ್ಲಗೆ ನುಂಗುತ್ತಾರೆ. ಛಲದ ಕಥೆ ಕೇಳಿದಾಗಲೆಲ್ಲ ನಾನು ಆ ಮನುಷ್ಯನ ಎತ್ತರ ಎಷ್ಟು, ಅದಕ್ಕೆ ಮುಂಚೆ ಏನು ಆಡುತ್ತಿದ್ದ ಎಂದು ಕೇಳುತ್ತೇನೆ. ಜಿಮ್ ಸ್ಟೈನ್ಸ್ ಕಥೆ ನೋಡಿ. ಐರ್ಲೆಂಡಿನ ಡಬ್ಲಿನ್‌ನವನು. ಅಲ್ಲಿಯ ಗೇಲಿಕ್ ಫುಟ್‌ಬಾಲ್‌ನಲ್ಲಿ ದುಂಡು ಚೆಂಡು ಆಡಿ ಬೆಳೆದವನು. ಮೆಲ್ಬರ್ನ್ ಕ್ಲಬ್ ಕೊಟ್ಟ ಜಾಹೀರಾತಿಗೆ ಅರ್ಜಿ ಹಾಕಿ 1984ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಆಸ್ಟ್ರೇಲಿಯಾಕ್ಕೆ ಬಂದ. ಮೂರು ವರ್ಷ ಹೆಣಗಿ 1987ರಲ್ಲಿ ಮೊದಲ ತಂಡ ಸೇರಿದ. ಅದೇ ವರ್ಷ ಫೈನಲ್‌ಗೆ ಮುಂಚಿನ ಪಂದ್ಯ, ಎದುರಾಳಿ ಹಾಥಾರ್ನ್. ಮೆಲ್ಬರ್ನ್ ತಂಡ 1964ರ ನಂತರ ಫೈನಲ್ ಮುಖ ಕಂಡಿರಲಿಲ್ಲ, ಈಗ 4 ಅಂಕ ಮುಂದಿದೆ. ಕಡೆಯ ಗಳಿಗೆಯಲ್ಲಿ ಹಾಥಾರ್ನ್‌ನ ಗ್ಯಾರಿ ಬಕನಾರಾನಿಗೆ ಒದೆಯುವ ಅವಕಾಶ ಸಿಕ್ಕಿತು, ಆದರೆ ಕಂಬಗಳು ದೂರವಿದ್ದವು. ಅಷ್ಟರಲ್ಲಿ ಸ್ಟೈನ್ಸ್ ಹೋಗಬಾರದ ಜಾಗದಲ್ಲಿ, ಒದೆಯುವವನ ಎದುರಿನಿಂದಲೇ ಅಡ್ಡಹಾಯ್ದು ಓಡಿದ. ದಂಡವಾಗಿ ಬಕನಾರಾನಿಗೆ 15 ಮೀಟರ್ ಮುಂದೆ ಬರಲು ಬಿಟ್ಟರು. ಆಟದ ಸಮಯ ಮುಗಿದ ಸೈರನ್ ಆದ ಮೇಲೆ ಒದ್ದ ಆ ಚೆಂಡು ನೇರವಾಗಿ ಕಂಬಗಳ ನಡುವೆ ಹೋಯಿತು. ಮೆಲ್ಬರ್ನ್ 2 ಅಂಕಗಳಿಂದ ಸೋತಿತು.

ಬೇರೆಯವನಾಗಿದ್ದರೆ ಮುಂದಿನ ವಿಮಾನಕ್ಕೆ ಡಬ್ಲಿನ್‌ಗೆ ಹೋಗುತ್ತಿದ್ದ. ಇವನು ಅದೇ ವರ್ಷದಿಂದ 1998ರವರೆಗೆ ಒಂದೂ ತಪ್ಪಿಸದೆ ಸತತ 244 ಪಂದ್ಯ ಆಡಿದ. 1991ರಲ್ಲಿ ಬ್ರೌನ್‌ಲೋ ಪದಕ ಅವನ ಕೊರಳಿಗೆ ಬಿತ್ತು. ಇದು ಛಲವಲ್ಲದೆ ಇನ್ನೇನು ಎಂದು ಕೇಳಿದರೆ, ಹೌದು, ಛಲವೇ. ಆದರೆ ಅವನು 199 ಸೆಂಟಿಮೀಟರ್ ಎತ್ತರದ ಆಳು ಎನ್ನುವುದನ್ನೂ, ಐರ್ಲೆಂಡ್ ಬಿಡುವ ಮುಂಚೆಯೇ ಡಬ್ಲಿನ್‌ನ ಕಿರಿಯರ ತಂಡದಲ್ಲಿ ಅಖಿಲ ಐರ್ಲೆಂಡ್ ಪ್ರಶಸ್ತಿ ಗೆದ್ದಿದ್ದ ಎನ್ನುವುದನ್ನೂ ಜೊತೆಗೇ ಹೇಳಬೇಕು. ಪ್ರತಿಭೆಗೆ ಛಲ ಸೇರಿದ್ದಕ್ಕೆ ಸ್ಟೈನ್ಸ್ ಆದ. ಕೋಚ್ ಹೇಳಿದ ‘ಹಸಿದವರು’ ಎಲ್ಲರೂ ಮೊದಲು ಒಂದು ಜರಡಿಯಲ್ಲಿ ಉಳಿದು ಬಂದವರು. ಹಾಗೆ ಉಳಿದವರಲ್ಲಿ ಛಲ ಯಾರಿಗೆ ಹೆಚ್ಚು ಎನ್ನುವುದು ಆಮೇಲಿನ ಲೆಕ್ಕ.

ಹಾಗಂತ ಕೋಚ್ ಹೇಳಿದ್ದು ಸುಳ್ಳಲ್ಲ. ಹದಿನಾಲ್ಕರಲ್ಲಿ ಒಂದು ಗೇಣು ಎತ್ತರ ಇರುವುದು ಎಷ್ಟೋ ಸಲ ಪ್ರತಿಭೆಯೇ ಅಲ್ಲ, ಬೇಗ ಬೆಳೆದದ್ದು ಅಷ್ಟೇ. ನಾನು ಕಲಿಸಿದ ಶಾಲೆಗಳಲ್ಲಿ ತಾಲ್ಲೂಕು ಮಟ್ಟದ ಕೂಟಗಳಲ್ಲಿ ಎಲ್ಲರನ್ನೂ ಸೋಲಿಸುತ್ತಿದ್ದ ಮೀಸೆ ಮೂಡಿದ ಹುಡುಗರು ಹತ್ತನೇ ತರಗತಿಯ ಹೊತ್ತಿಗೆ ಸಾಧಾರಣರಾಗುತ್ತಿದ್ದರು. ಉಳಿದವರು ಬೆಳೆದು ಸರಿಸಮ ಆಗಿರುತ್ತಿದ್ದರು. (ವಯಸ್ಸಿನ ದಾಖಲೆಯನ್ನೇ ಎರಡು ವರ್ಷ ಇಳಿಸಿಕೊಂಡು ಬರುತ್ತಿದ್ದ ಪಾಲಕರ ಕಥೆ ಬೇರೆಯೇ ಇದೆ, ಇನ್ನೊಂದು ಸಲ ಹೇಳುತ್ತೇನೆ.) ಎತ್ತರದ ಹುಡುಗ ಕೈ ಚಾಚಿದರೆ ಚೆಂಡು ಸಿಗುತ್ತದೆ, ಅವನಿಗೆ ಬುದ್ಧಿ ಓಡಿಸುವ ಪ್ರಸಂಗವೇ ಬರುವುದಿಲ್ಲ. ಗಿಡ್ಡ ಹುಡುಗ ಚೆಂಡು ಎಲ್ಲಿ ಬೀಳುತ್ತದೆ ಎಂದು ಮೊದಲೇ ಊಹಿಸಲೇಬೇಕು. ಆಯ್ಕೆಯಾದ ಆ ಗಿಡ್ಡ ಹುಡುಗನಲ್ಲಿ ಕೋಚ್ ಕಂಡದ್ದು ಅದನ್ನೇ ಇರಬಹುದು. ಅವನು ‘ಅಷ್ಟು ಚೆನ್ನಾಗಿ ಆಡುವುದಿಲ್ಲ’ ಎಂದು ನೀವು ಬರೆದಿದ್ದೀರಿ. ಅಜ್ಜಂದಿರ ಅಳತೆಗೋಲು ನನಗೂ ಗೊತ್ತು, ನನಗೂ ಮೊಮ್ಮಕ್ಕಳಿದ್ದಾರೆ.

ಛಲವನ್ನು ಹೊರಗಿನವರು ಅಳೆಯುವುದು ಸುಲಭವಲ್ಲ. ನಾನು ಚಿಕ್ಕವನಿದ್ದಾಗ ನಮ್ಮ ಓಣಿಯ ತಾಲೀಮಿನಲ್ಲಿ ವಸ್ತಾದರು ಹೊಸಬರಿಗೆ ಪಟ್ಟು ಕಲಿಸುತ್ತಿರಲಿಲ್ಲ. ಬೆಳಗಿನ ಜಾವ ಬಂದು ಅಖಾಡದ ಮಣ್ಣು ಅಗೆದು ಸಡಿಲ ಮಾಡು ಎನ್ನುತ್ತಿದ್ದರು. ತಿಂಗಳಾದರೂ ಬರುವುದನ್ನು ಬಿಡದವನಿಗೆ ಮಾತ್ರ ಮುಂದಿನ ಪಾಠ. ಛಲದ ಪರೀಕ್ಷೆ ಎಂದು ಎಲ್ಲರೂ ಅದನ್ನು ಹೊಗಳುತ್ತಿದ್ದರು. ಆದರೆ ಎಮ್ಮೆ ಕರೆದು ಹಾಲು ಹಾಕಿ ಬರಬೇಕಾದ ಮನೆಯ ಹುಡುಗರು ಆ ಪರೀಕ್ಷೆಯಲ್ಲಿ ಮೊದಲೇ ಬಿದ್ದುಹೋಗುತ್ತಿದ್ದರು. ಅವರಿಗೆ ಛಲ ಇರಲಿಲ್ಲ ಎಂದು ಹೇಳಲು ನನಗೆ ನಾಲಿಗೆ ಬರುವುದಿಲ್ಲ.

ನಿಮ್ಮ ಚೆಂಡಿನಿಂದಲೂ ಇದೇ ತಿಳಿಯಿತು. ಪಾರ್ಸಲ್ ಬಂದ ಸಂಜೆ ಅದನ್ನು ನೂತನ ವಿದ್ಯಾಲಯದ ಮೈದಾನಕ್ಕೆ ಒಯ್ದೆ. ಚೆಂಡನ್ನು ಎರಡೂ ಕೈಯಲ್ಲಿ ನೆಟ್ಟಗೆ ಹಿಡಿದು, ಕಾಲಿನ ಮೇಲೆ ಬೀಳಲು ಬಿಟ್ಟು, ಕೆಳತುದಿಗೆ ಒದ್ದರೆ ಅದು ಹಿಮ್ಮುಖವಾಗಿ ಸುತ್ತುತ್ತ ನೇರ ಹೋಗುತ್ತದೆ. ಸ್ವಲ್ಪ ಓರೆಯಾದರೂ ಎತ್ತಲೋ ಹಾರುತ್ತದೆ. ಕ್ರಿಕೆಟ್ ಆಡುತ್ತಿದ್ದ ಉದ್ದನೆಯ ವೇಗದ ಬೌಲರ್ ಒಬ್ಬ ಮೊದಲ ಒದೆತಕ್ಕೇ ಅರ್ಧ ಮೈದಾನ ದಾಟಿಸಿ, ಎಲ್ಲರ ಚಪ್ಪಾಳೆ ತೆಗೆದುಕೊಂಡು, ಮಿರ್ಚಿ ಭಜಿ ತಿನ್ನಲು ಹೊರಟೇಹೋದ. ಏಳನೇ ತರಗತಿಯ ಪುಟ್ಟ ಹುಡುಗನೊಬ್ಬನಿಗೆ ಮಾತ್ರ ಒಂದು ಒದೆತವೂ ನೆಟ್ಟಗೆ ಬರಲಿಲ್ಲ. ಬರುವವರೆಗೆ ಬಿಡುವುದಿಲ್ಲ ಎಂದು ಕತ್ತಲಾಗುವವರೆಗೂ ನನ್ನ ಬೆನ್ನು ಬಿಡಲಿಲ್ಲ. ಇವನೇ ನೋಡು ಛಲದವನು ಎಂದುಕೊಂಡೆ. ಮರುದಿನ ಬಂದವನು ಬೌಲರ್. ಒಂದು ತಾಸು ಮೊದಲೇ ಬಂದು ಚೆಂಡು ಎಲ್ಲಿ ಎಂದು ಕೇಳಿದ. ಪುಟ್ಟ ಹುಡುಗ ಆ ವಾರವೆಲ್ಲ ಬರಲಿಲ್ಲ. ಅಪ್ಪನ ಚಹಾದಂಗಡಿಯಲ್ಲಿ ಕೆಲಸದ ಹುಡುಗ ಬಿಟ್ಟುಹೋಗಿದ್ದನಂತೆ, ಇವನು ಲೋಟ ತೊಳೆಯುತ್ತಿದ್ದ. ಒಂದು ಸಂಜೆ ನೋಡಿ ಛಲ ಇದೆ, ಇಲ್ಲ ಎಂದು ತೀರ್ಪು ಕೊಡುವ ಕೋಚ್‌ಗಳನ್ನು ನಾನು ನಂಬುವುದಿಲ್ಲ.

ಚೆಂಡನ್ನು ಮನೆಗೆ ತಂದು ಬೆಳಕಿನಲ್ಲಿ ಸರಿಯಾಗಿ ನೋಡಿದೆ. ಕೆಂಪು ಚರ್ಮದ ನಾಲ್ಕು ಹೋಳು ಕೂಡಿಸಿ ಹೊಲಿದದ್ದು, ಒಂದು ಬದಿಗೆ ಲಾಡಿ. ಮೈಯೆಲ್ಲ ಇನ್ನೂ ನುಣುಪಾಗಿದೆ, ಎರಡು ಚೂಪು ತುದಿಗಳ ಬಣ್ಣ ಮಾತ್ರ ಪೂರ್ತಿ ಹೋಗಿ ಚರ್ಮ ಒರಟಾಗಿ ನಾರು ಎದ್ದಿದೆ. ಓಡುತ್ತ ಪುಟಿಸುವಾಗ ಮುಂದಿನ ತುದಿ ನೆಲಕ್ಕೆ ತಾಗುವಂತೆ ಓರೆಯಾಗಿ ಬಿಡಬೇಕು, ಆಗಲೇ ಅದು ಕೈಗೆ ವಾಪಸ್ಸು ಬರುತ್ತದೆ. ಹುಲ್ಲಿನ ಮೈದಾನದಲ್ಲಿ ಪುಟಿಸಿದರೆ ಚರ್ಮ ಹೀಗೆ ಸವೆಯುವುದಿಲ್ಲ. ಇದು ಸಿಮೆಂಟಿನ ಮೇಲೆ ತಿಂಗಳುಗಟ್ಟಲೆ ಪುಟಿಸಿದ ಚೆಂಡು. ನಿಮ್ಮ ಮೊಮ್ಮಗ ಮನೆಯ ಮುಂದೆ ಒಬ್ಬನೇ ಚೆಂಡು ಪುಟಿಸುತ್ತ ಓಡಾಡುತ್ತಾನೆಯೇ? ಮಗಳನ್ನು ಕೇಳಿ. ಚೆಂಡು ಬೇರೆ ಯಾರದೋ ಆಗಿದ್ದರೆ ನನ್ನ ಪತ್ತೇದಾರಿಕೆ ಅಲ್ಲಿಗೇ ಮುಗಿಯಿತು. ಅವನದೇ ಆಗಿದ್ದರೆ, ಯಾರೂ ಹೇಳದೆ, ಯಾರೂ ನೋಡದೆ ಮಾಡುವ ಕೆಲಸ ಅದು. ಅವನಿಗೆ ಆಟದ ಹಸಿವು ಇದೆ. ಆಯ್ಕೆಯಾಗುವ ಹಸಿವು ಇಲ್ಲದಿರಬಹುದು. ಎರಡನ್ನೂ ಒಂದೇ ಎಂದು ಎಣಿಸುವವರು ಕೋಚ್‌ಗಳು, ಮತ್ತು ಅಜ್ಜಂದಿರು.

ಆಯ್ಕೆಯ ಹಸಿವನ್ನು ಅವನಲ್ಲಿ ತುಂಬಲೇಬೇಕೇ? ಟಾಮ್ ಬಾಯ್ಡ್ ಎಂಬ ಹುಡುಗನನ್ನು 2013ರ ಡ್ರಾಫ್ಟ್‌ನಲ್ಲಿ ಇಡೀ ದೇಶಕ್ಕೆ ಮೊದಲಿಗನಾಗಿ ಆರಿಸಿದರು. ಒಂದೇ ಋತುವಿನ ನಂತರ ವೆಸ್ಟರ್ನ್ ಬುಲ್‌ಡಾಗ್ಸ್ ಕ್ಲಬ್ ಅವನಿಗೆ ಭಾರೀ ಮೊತ್ತದ ಒಪ್ಪಂದ ಕೊಟ್ಟು ಕರೆಸಿಕೊಂಡಿತು. 2016ರ ಫೈನಲ್‌ನಲ್ಲಿ ಅವನು ಮೂರು ಗೋಲು ಹೊಡೆದ, 1954ರ ನಂತರ ಮೊದಲ ಬಾರಿಗೆ ಆ ಕ್ಲಬ್ಬಿಗೆ ಕಪ್ ಬಂತು. 2019ರಲ್ಲಿ, ಇಪ್ಪತ್ತಮೂರನೆಯ ವಯಸ್ಸಿಗೆ, ಅವನು ಆಟ ಬಿಟ್ಟ. ಮನಸ್ಸಿನ ಆರೋಗ್ಯ ಎಷ್ಟು ಕೆಟ್ಟಿತ್ತು ಎಂಬುದನ್ನು ಆಮೇಲೆ ತಾನೇ ಬಹಿರಂಗವಾಗಿ ಹೇಳಿಕೊಂಡ. ಅವನಲ್ಲಿ ಹಸಿವಿರಲಿಲ್ಲ ಎನ್ನುವ ಧೈರ್ಯ ಯಾರಿಗಿದೆ?

ನನ್ನ ಶಾಲೆಯಲ್ಲೊಬ್ಬ ಜೇವರ್ಗಿ ಕಡೆಯ ಹುಡುಗನಿದ್ದ. ಕಬಡ್ಡಿಗೆಂದೇ ಹುಟ್ಟಿದ ಮೈ. ರೈಡಿಂಗ್‌ಗೆ ಹೋದರೆ ಉದ್ದ ಕಾಲು ಚಾಚಿ ಬೋನಸ್ ತರುತ್ತಿದ್ದ, ಹಿಡಿದವರನ್ನು ಎಳೆದುಕೊಂಡೇ ಗೆರೆ ಮುಟ್ಟುತ್ತಿದ್ದ. ಅಭ್ಯಾಸ ಮುಗಿಯುವ ಹೊತ್ತಿಗೆ ಮಾತ್ರ ಕಣ್ಣು ಗೇಟಿನ ಕಡೆ. ಬೈದೆ, ಬೇಡಿದೆ, ಅವನಪ್ಪನನ್ನು ಕರೆಸಿದೆ. ಒಂದು ದಿನ ಅವನ ಬೆನ್ನು ಹತ್ತಿ ಹೋದರೆ, ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಮಾಡುವ ಅಂಗಡಿಯಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದ. ಸುಟ್ಟ ಮೋಟಾರಿನ ಕರಿ ತಂತಿಯನ್ನು ಕಿತ್ತು, ಒಂದೊಂದು ಸಂದಿಯಲ್ಲಿ ಎಷ್ಟು ಸುತ್ತು ಎಂದು ತುಟಿ ಅಲುಗಿಸುತ್ತ ಎಣಿಸುತ್ತಿದ್ದ. ನಾನು ಬಂದು ನಿಂತದ್ದೂ ಅವನಿಗೆ ಗೊತ್ತಾಗಲಿಲ್ಲ. ಈಗ ಅವನದೇ ಅಂಗಡಿಯಿದೆ, ಬೇಸಿಗೆಯಲ್ಲಿ ರೈತರು ಸರದಿ ನಿಲ್ಲುತ್ತಾರೆ. ಅಂಥ ಛಲವನ್ನು ನಾನು ಕಬಡ್ಡಿ ಅಂಗಳದಲ್ಲಿ ಹೆಚ್ಚು ಜನರಲ್ಲಿ ಕಂಡಿಲ್ಲ.

ಹಾಗಾಗಿ ಹಿರಿಯರೇ, ಛಲ ಹುಟ್ಟಿಸುವ ಕೆಲಸ ಕೈಬಿಡಿ. ಅಳಿಯನಿಗೆ ಒಂದು ಮಾತು ಹೇಳಿ: ತರಬೇತಿಯ ದಿನ ಹುಡುಗನನ್ನು ಎಬ್ಬಿಸಬೇಡಿ, ಬ್ಯಾಗ್ ತುಂಬಿಕೊಡಬೇಡಿ. ಒಂದು ಋತು ಹಾಗೆ ಬಿಟ್ಟು ನೋಡಿ. ತಾನೇ ಎದ್ದು ಹೊರಟರೆ ಕೋಚ್ ಮಾತನ್ನು ಮರೆತುಬಿಡಿ. ಹೊರಡದಿದ್ದರೆ ಅವನು ಬೇರೆ ಏನಕ್ಕೆ ಏಳುತ್ತಾನೆ ಎಂದು ನೋಡಿ. ಮುಂದಿನ ಸಲ ಹೋದಾಗ ಮೈದಾನದ ಅಂಚಿನಲ್ಲಿ ಕೂತು ಸಲಹೆ ಕೊಡಬೇಡಿ. ಪಂದ್ಯ ಮುಗಿದ ಮೇಲೆ ಏನು ತಿನ್ನುತ್ತೀ ಎಂದು ಕೇಳಿದರೆ ಸಾಕು.

ಪ್ರಶ್ನೆ: ಸರ್, ನನ್ನ ಮಗಳಿಗೆ ಹನ್ನೆರಡು ವರ್ಷ. ಖೋ ಖೋ ಎಂದರೆ ಪ್ರಾಣ. ಎಲ್ಲರಿಗಿಂತ ಮೊದಲು ಹೋಗಿ ಕೊನೆಗೆ ಬರುತ್ತಾಳೆ. ಆದರೆ ಓಟ ನಿಧಾನ. ತರಬೇತುದಾರರು ‘ಇವಳಲ್ಲಿ ಪ್ರತಿಭೆ ಇಲ್ಲ, ಓದಿನ ಕಡೆ ಹಚ್ಚಿ’ ಎಂದರು. ಮಗಳು ಎರಡು ದಿನ ಊಟ ಬಿಟ್ಟಳು. ಏನು ಮಾಡಲಿ?
(ಒಬ್ಬ ತಾಯಿ, ಆಳಂದ)

ಉತ್ತರ: ತಂಗಿ, ಹನ್ನೆರಡು ವರ್ಷದ ಮಗುವಿಗೆ ಪ್ರತಿಭೆ ಇಲ್ಲ ಎಂದು ಹೇಳುವವರು ಜ್ಯೋತಿಷ್ಯ ಹೇಳುತ್ತಿದ್ದಾರೆ, ತರಬೇತಿ ಕೊಡುತ್ತಿಲ್ಲ. ಖೋ ಖೋ ಬರೀ ಓಟದ ಆಟವಲ್ಲ. ಬೆನ್ನಟ್ಟುವವಳು ಒಂದು ದಿಕ್ಕು ಹಿಡಿದ ಮೇಲೆ ಕಂಬ ಮುಟ್ಟುವವರೆಗೆ ತಿರುಗುವಂತಿಲ್ಲ, ಕೂತವರ ಸಾಲಿನ ನಡುವೆ ನುಸುಳುವಂತಿಲ್ಲ. ತಪ್ಪಿಸಿಕೊಳ್ಳುವವಳಿಗೆ ಆ ಬಂಧನವಿಲ್ಲ. ಬೆನ್ನಟ್ಟುವವಳ ಭುಜ ಯಾವ ಕಡೆ ವಾಲಿತು ಎಂದು ಓದಬಲ್ಲ ಹುಡುಗಿ ತನಗಿಂತ ವೇಗದವಳನ್ನು ನಿಮಿಷಗಟ್ಟಲೆ ಆಡಿಸಬಲ್ಲಳು. ನಿಮ್ಮ ಮಗಳಿಗೆ ಕೂತವರ ನಡುವೆ ನುಸುಳುತ್ತ ಸಾಗುವ ಸರಪಳಿ ಓಟ, ಸುತ್ತು ಹಾಕುವ ವೃತ್ತದ ಓಟ ಕಲಿಸಿದ್ದಾರೆಯೇ ಎಂದು ಕೇಳಿ. ಬರೀ ನೇರ ಓಡಿಸಿ ಗಡಿಯಾರ ನೋಡಿದ್ದರೆ ಅವರು ಖೋ ಖೋ ನೋಡಿಲ್ಲ.

ಛಲ, ಶಿಸ್ತು, ಧೈರ್ಯ ಇವೂ ಪ್ರತಿಭೆಯೇ, ಚೆಂಡನ್ನು ಅಂದವಾಗಿ ಹೊಡೆಯುವುದೊಂದನ್ನೇ ಪ್ರತಿಭೆ ಎನ್ನುವುದು ತಪ್ಪು ಎಂಬರ್ಥದ ಮಾತನ್ನು ರಾಹುಲ್ ದ್ರಾವಿಡ್ ಹಿಂದೆ ಹೇಳಿದ್ದುಂಟು. ನನಗೆ ಅದು ಒಪ್ಪಿಗೆ. ಆದರೆ ಛಲ ಇದ್ದವಳಿಗೆ ಬಾಗಿಲೂ ಬೇಕು. ಮೇಲಿನ ಉತ್ತರದ ಆಸ್ಟ್ರೇಲಿಯಾದಲ್ಲೇ ಎರಿನ್ ಫಿಲಿಪ್ಸ್ ಎಂಬ ಹುಡುಗಿ ಇದ್ದಳು. ಅಪ್ಪ ಹೆಸರಾಂತ ಫುಟ್‌ಬಾಲ್ ಆಟಗಾರ, ಅವಳೂ ಹುಡುಗರ ಜೊತೆ ಆಡಿ ಬೆಳೆದಳು. ಹದಿಮೂರರ ಆಸುಪಾಸಿಗೆ ಹುಡುಗಿಯರಿಗೆ ಮುಂದೆ ದಾರಿಯೇ ಇಲ್ಲವೆಂದು ಆಟ ನಿಂತಿತು. ಬ್ಯಾಸ್ಕೆಟ್‌ಬಾಲ್ ಹಿಡಿದು ಅಮೆರಿಕದ ಲೀಗಿನವರೆಗೆ ಹೋದಳು. 2017ರಲ್ಲಿ ಮಹಿಳೆಯರ ಎಎಫ್‌ಎಲ್ ಶುರುವಾದಾಗ ಅವಳಿಗೆ ಮೂವತ್ತು ದಾಟಿತ್ತು. ಬಂದು ಮೊದಲ ವರ್ಷವೇ ಲೀಗಿನ ಶ್ರೇಷ್ಠ ಆಟಗಾರ್ತಿಯಾದಳು, ಅವಳ ಅಡಿಲೇಡ್ ತಂಡ ಕಪ್ ಗೆದ್ದಿತು. ನಡುವಿನ ಅಷ್ಟು ವರ್ಷ ಅವಳಲ್ಲಿ ಪ್ರತಿಭೆಯೂ ಇತ್ತು, ಛಲವೂ ಇತ್ತು. ಇರದೇ ಇದ್ದದ್ದು ಆಡಲು ಒಂದು ತಂಡ.

ಮಗಳಿಗೆ ಊಟ ಮಾಡಿಸಿ. ತರಬೇತುದಾರರನ್ನು ಬದಲಾಯಿಸಲು ಆಗುತ್ತದೆಯೇ ನೋಡಿ. ಓದಿನ ಕಡೆಗೂ ಹಚ್ಚಿ, ಅದಕ್ಕೇನು ಖೋ ಖೋ ಅಡ್ಡ ಬರುವುದಿಲ್ಲ.

ಪ್ರಶ್ನೆ: ನನಗೆ 21 ವರ್ಷ, ಎತ್ತರ ಆರು ಅಡಿ ನಾಲ್ಕು ಇಂಚು. ಮೊಬೈಲಿನಲ್ಲಿ ಎಎಫ್‌ಎಲ್ ನೋಡಿ ಹುಚ್ಚು ಹಿಡಿದಿದೆ. ಮನಸ್ಸು ಮಾಡಿದರೆ ಅಲ್ಲಿ ವೃತ್ತಿಪರ ಆಟಗಾರನಾಗಬಹುದೇ?
(ಪದವಿ ವಿದ್ಯಾರ್ಥಿ, ಹುಮನಾಬಾದ್)

ಉತ್ತರ: ತಮ್ಮಾ, ಎತ್ತರ ಬರೆದಿದ್ದೀಯ, ಎಷ್ಟು ಓಡುತ್ತೀಯ ಎಂದು ಬರೆದಿಲ್ಲ. ನಾನೂರು ಮೀಟರ್ ಟ್ರ್ಯಾಕಿನಲ್ಲಿ ಐದು ಸುತ್ತು ಓಡು. ಅಲ್ಲಿ ಡ್ರಾಫ್ಟ್‌ಗೆ ನಿಲ್ಲುವ ಹುಡುಗರಲ್ಲಿ ಮುಂಚೂಣಿಯವರು ಆ ಎರಡು ಕಿಲೋಮೀಟರನ್ನು ಆರು ನಿಮಿಷದ ಆಸುಪಾಸಿನಲ್ಲಿ ಮುಗಿಸುತ್ತಾರೆ. ನಿನ್ನ ಸಮಯವನ್ನು ಬರೆದು ಕಳಿಸು.

ತಡವಾಗಿ ಬಂದವರಿಲ್ಲ ಎಂದಲ್ಲ. ಅಮೆರಿಕದ ಟೆಕ್ಸಸ್‌ನ ಮೇಸನ್ ಕಾಕ್ಸ್ ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದವನು. ಇಪ್ಪತ್ತು ದಾಟಿದ ಮೇಲೆ ಈ ಆಟ ಕಂಡವನು. 2016ರ ಏಪ್ರಿಲ್‌ನಲ್ಲಿ ಕಾಲಿಂಗ್‌ವುಡ್ ಪರ ಮೊದಲ ಪಂದ್ಯ ಆಡಿ ಮೊದಲ ಒದೆತದಲ್ಲೇ ಗೋಲು ಹೊಡೆದ, 2023ರಲ್ಲಿ ಕಪ್ ಗೆದ್ದ ತಂಡದಲ್ಲಿದ್ದ. ಅವನ ಎತ್ತರ 211 ಸೆಂಟಿಮೀಟರ್, ಅಂದರೆ ಆರು ಅಡಿ ಹನ್ನೊಂದು ಇಂಚು. ನಿನಗಿಂತ ಏಳು ಇಂಚು ಹೆಚ್ಚು. ವೃತ್ತಿಯ ಕನಸು ಬೇಡ, ಆಟ ಬೇಡ ಎನ್ನುವುದಿಲ್ಲ. ನಮ್ಮ ದೇಶದ ಹವ್ಯಾಸಿ ತಂಡವೊಂದು 2008ರಲ್ಲೇ ಮೆಲ್ಬರ್ನ್‌ಗೆ ಹೋಗಿ ಅಂತರರಾಷ್ಟ್ರೀಯ ಕಪ್ ಪಂದ್ಯಾವಳಿಯಲ್ಲಿ ಆಡಿ ಬಂದಿದೆ. ಪದವಿ ಮುಗಿಸಿಕೊಂಡು ಆಡು.

ಪ್ರಶ್ನೆ: ನಮ್ಮೂರ ಶಾಲೆಗೆ ಆಟದ ಮೈದಾನವೇ ಇಲ್ಲ. ಇದ್ದ ಜಾಗದಲ್ಲಿ ಯಾರೋ ತೊಗರಿ ರಾಶಿ ಮಾಡುತ್ತಾರೆ, ಟ್ರ್ಯಾಕ್ಟರ್ ನಿಲ್ಲಿಸುತ್ತಾರೆ. ನೀವು ಮೆಲ್ಬರ್ನ್ ಪುರಾಣ ಹೇಳುತ್ತಿದ್ದೀರಿ. ನಮ್ಮ ಮಕ್ಕಳ ಛಲ, ಪ್ರತಿಭೆ ಯಾರು ಕೇಳುತ್ತಾರೆ?
(ಸಿಟ್ಟಿನ ಓದುಗ, ಸೇಡಂ ತಾಲ್ಲೂಕು)

ಉತ್ತರ: ಸಿಟ್ಟು ನ್ಯಾಯವಾದದ್ದೇ. ಮೆಲ್ಬರ್ನ್ ಬಗ್ಗೆ ಕೇಳಿದವರು ಯಾದಗಿರಿಯವರು, ಅವರಿಗೆ ಉತ್ತರ ಕೊಟ್ಟೆ. ಈಗ ನಿಮ್ಮದು. ಆ ಜಾಗ ಶಾಲೆಯ ಹೆಸರಿನಲ್ಲಿದೆಯೋ, ಪಂಚಾಯಿತಿಯದೋ, ಯಾರೋ ದಾನ ಕೊಟ್ಟು ಕಾಗದ ಮಾಡದೆ ಬಿಟ್ಟದ್ದೋ ಎನ್ನುವುದು ಮೊದಲು ಗೊತ್ತಾಗಬೇಕು. ಸರ್ವೆ ನಂಬರ್ ಹಿಡಿದು ಪಹಣಿ ತೆಗೆಸಿ. ಶಾಲೆಯ ಹೆಸರಿದ್ದರೆ ಹದ್ದುಬಸ್ತಿಗೆ (ಗಡಿ ಅಳೆದು ಗುರುತಿಸಲು) ಅರ್ಜಿ ಹಾಕಲು ಮುಖ್ಯೋಪಾಧ್ಯಾಯರಿಗೆ ಹೇಳಿ, ಸ್ವೀಕೃತಿ ಪಡೆಯುವುದನ್ನು ಮರೆಯಬೇಡಿ. ರಾಶಿ ಮಾಡುವವರ ಜೊತೆ ಈಗಲೇ ಜಗಳ ತೆಗೆಯಬೇಡಿ. ಅವರ ಮಕ್ಕಳೂ ಅದೇ ಶಾಲೆಗೆ ಬರುತ್ತಿರಬಹುದು, ಸುಗ್ಗಿ ಮುಗಿದ ಮೇಲೆ ಕೂರಿಸಿ ಮಾತನಾಡಿ. ಆಮೇಲೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಹೋಗಿ, ಪಹಣಿಯ ಪ್ರತಿ ಕೈಯಲ್ಲಿರಲಿ. ಬರಿಗೈಯಲ್ಲಿ ಹೋದರೆ ಚಹಾ ಕುಡಿಸಿ ಕಳಿಸುತ್ತಾರೆ.